ಮಾವಶಿಯ ಮನೆಯದಕ್ಕಿಂತ ದೊಡ್ಡ ಟೀವಿ

ನನ್ನ ಟೇಪು ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಜಂಬ ಕೊಚ್ಚಿಕೊಂಡು ಬಂದವಳು ನಾನು. ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬೆಳಿಗ್ಗೆ ಖಾನಾಪುರದಿಂದ ಅಲ್ಲಿಗೆ ಬರುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಮನೆಗೆ ಮರಳುತ್ತೇನೆ. ಬ್ಲೌಸು ಬಿಗಿಯಾಯಿತೆಂದು ಯಾರಾದರೂ ಬಂದರೆ, ಅಳತೆ ಸರಿಯೇ ಇದೆ, ನೀವು ದಪ್ಪ ಆಗಿದ್ದೀರಿ ಎಂದು ಮುಖಕ್ಕೆ ಹೇಳಿಬಿಡುತ್ತೇನೆ. ಇದರಿಂದ ಕೆಲವು ಗಿರಾಕಿಗಳು ಕೈಬಿಟ್ಟು ಹೋದರು. ಹೋಗಲಿ ಬಿಡಿ. ಇಂಥ ನಾನು ಒಂದು ಟೀವಿಯ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಯಿತು.

ಮನೆಯಲ್ಲಿ ನಾವು ಮೂವರು: ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಗಂಡ, ಮತ್ತು ನಮ್ಮ ಅತ್ತೆ. ಪಕ್ಕದ ಮನೆಯಲ್ಲಿ ಮಾವಶಿ. ಅವರು ಮರಾಠಿಯವರು, ಓಣಿಯವರೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅವರು ದಿನಾ ಸಂಜೆ ನಾಲ್ಕೂವರೆಗೆ ಬಂದು ಅತ್ತೆಯ ಮಂಚದ ಮೇಲೆ ಕೂತು ಟೀವಿ ನೋಡುವುದು ರೂಢಿ. ಮೊದಲು ಒಂದು ಕನ್ನಡ ಧಾರಾವಾಹಿ, ಆಮೇಲೆ ಒಂದು ಮರಾಠಿಯದು. ಇಬ್ಬರಿಗೂ ಎರಡೂ ಭಾಷೆ ಚೆನ್ನಾಗಿಯೇ ಬರುತ್ತವೆ. ಆದರೂ ಕನ್ನಡದ್ದನ್ನು ಅತ್ತೆ ಮಾವಶಿಗೆ ಬಿಡಿಸಿ ಹೇಳಬೇಕು, ಮರಾಠಿಯದನ್ನು ಮಾವಶಿ ಅತ್ತೆಗೆ ಬಿಡಿಸಿ ಹೇಳಬೇಕು. ಹೇಳುವ ಭರದಲ್ಲಿ ಟೀವಿಯನ್ನು ನೋಡುವುದು ಇಬ್ಬರಿಗೂ ಮರೆತುಹೋಗುತ್ತಿತ್ತು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಅತ್ತೆಯ ಊಟ. ಅವರು ತಾಟಿನ ಮುಂದೆ ಕೂತರೆ ಮಾವಶಿ ಎದ್ದು ಮನೆಗೆ ಹೋಗುವ ಹೊತ್ತು.

ಹೋದ ವರ್ಷ ಮಾವಶಿಯ ಮಗ ಗೋಡೆ ತುಂಬುವಂಥ ಟೀವಿ ತಂದ. ಮಾವಶಿ ನಮ್ಮ ಮನೆಗೆ ಬರುವುದು ನಿಂತಿತು. ಒಂದು ದಿನ, ಎರಡು ದಿನ, ಹದಿನೈದು ದಿನ. ಅತ್ತೆ ನಾಲ್ಕೂವರೆಗೆ ಬಾಗಿಲು ತೆರೆದಿಟ್ಟು, ಮಂಚದ ಅರ್ಧ ಖಾಲಿ ಬಿಟ್ಟು ಕೂರುತ್ತಿದ್ದರು. ಟೀವಿ ಮಾತ್ರ ಹಚ್ಚುತ್ತಿರಲಿಲ್ಲ. ಹದಿನಾರನೆಯ ದಿನ ನನ್ನನ್ನು ಹತ್ತಿರ ಕರೆದರು.

“ಯವ್ವಾ, ನಾವೂ ಒಂದು ಹೊಸಾ ಟೀವಿ ತರೂಣು. ಆಕೀ ಮನಿದಕ್ಕಿಂತ ದೊಡ್ಡದಿರಬೇಕು ನೋಡು.”

“ಯಾಕ್ರಿ ಅತ್ತಿ? ಈಗಿಂದು ಛಲೋ ಐತಲ್ರಿ?”

“ನಮ್ಮದು ಸಣ್ಣದಾತಂತ ಆಕಿ ಬರವಲ್ಲಳು. ದೊಡ್ಡದು ತಂದ್ರ ಬರ್ತಾಳು. ಆಕಿ ಇಲ್ಲದ ನನಗ ಸಂಜಿ ಹೋಗವಲ್ದವಾ.”

ನಮ್ಮ ಅತ್ತೆ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ತಂದೇ ತರುತ್ತೇನೆ ಎಂದು ಮಾತು ಕೊಟ್ಟೆ.

ಆದರೆ ಎಷ್ಟು ದೊಡ್ಡದು? ಮಾವಶಿಯ ಮಗನನ್ನೇ ಕೇಳಿದರೆ ಪೈಪೋಟಿಗೆ ಬಿದ್ದಿದ್ದೇವೆಂದು ಓಣಿಗೆಲ್ಲ ಗೊತ್ತಾಗುತ್ತದೆ. ಗಂಡನನ್ನು ಕೇಳಬಹುದಿತ್ತು. ಅವರೋ, ಏನು ಕೇಳಿದರೂ ಮೊದಲಿನಿಂದ ಪಾಠ ಶುರುಮಾಡುವವರು. ಹಾಗಾಗಿ ಭಾನುವಾರ ಟೇಪನ್ನು ಕೊರಳಿಗೆ ಹಾಕಿಕೊಂಡು ನಾನೇ ಮಾವಶಿಯ ಮನೆಗೆ ಹೋದೆ. ಬ್ಲೌಸಿನ ಅಳತೆಯ ನೆಪ.

“ನನ್ನ ಅಳತಿ ನಿನ್ನ ವಹಿಯಾಗ ಇಲ್ಲೇನ?” ಎಂದರು ಮಾವಶಿ.

“ನೀವು ಸೊರಗೀರಿ ಮಾವಶಿ,” ಎಂದೆ. ಒಬ್ಬ ಗಿರಾಕಿಗೆ ನಾನು ಈ ಮಾತು ಹೇಳಿದ್ದು ಅದೇ ಮೊದಲು.

ಟೀವಿಯಲ್ಲಿ ಕ್ರಿಕೆಟ್ ನಡೆದಿತ್ತು, ನೋಡುವವರು ಯಾರೂ ಇರಲಿಲ್ಲ. ಮಾವಶಿ “ಅಕ್ಕಾ ಹ್ಯಾಂಗದಾಳ?” ಎಂದು ಎರಡೆರಡು ಸಲ ಅತ್ತೆಯನ್ನು ವಿಚಾರಿಸಿ, ಚಹಾ ಮಾಡಲು ಒಳಗೆ ಹೋದರು. ನಾನು ಗಬಕ್ಕನೆ ಎದ್ದು ಟೀವಿಗೆ ಟೇಪು ಹಿಡಿದೆ. ಈ ಅಂಚಿನಿಂದ ಆ ಅಂಚಿಗೆ, ನೆಟ್ಟಗೆ ಅಡ್ಡಕ್ಕೆ, ಬಟ್ಟೆಯ ಪನ್ನ, ಅಂದರೆ ಅಗಲ, ಅಳೆಯುವ ಹಾಗೆ: ನಲವತ್ತೆಂಟು ಇಂಚು. ವಹಿಯಲ್ಲಿ ಮಾವಶಿಯ ಎದೆ, ತೋಳು, ಬೆನ್ನಿನ ಅಳತೆಗಳ ಕೆಳಗೇ ಅದನ್ನೂ ಬರೆದುಕೊಂಡೆ.

ಹಾಗಾದರೆ ನಮ್ಮದು ಐವತ್ತು. ಅಂದೇ ಖಾಕಿ ಕಾಗದವನ್ನು ಐವತ್ತು ಇಂಚು ಅಗಲಕ್ಕೆ ಕತ್ತರಿಸಿ ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಪ್ಯಾಟರ್ನ್ ಇಲ್ಲದೆ ನಾನು ಯಾವ ಬಟ್ಟೆಗೂ ಕತ್ತರಿ ಹಾಕುವುದಿಲ್ಲ, ಟೀವಿಗೂ ಅದೇ ನಿಯಮ. ಅತ್ತೆ ಮಂಚದ ಮೇಲೆ ಕೂತು ಅರ್ಧ ತಾಸು ಆ ಕಾಗದವನ್ನೇ ನೋಡಿ “ಛಲೋ ಕಾಣಸ್ತೈತಿ” ಎಂದರು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, “ಯಾವ ಚಾನೆಲ್ ಹತ್ತೈತಿ?” ಎಂದು ಕೇಳಿ ತಮ್ಮಷ್ಟಕ್ಕೇ ನಕ್ಕರು.

ಸೋಮವಾರ ಬೆಳಗಾವಿಯ ಒಂದು ಟೀವಿ ಅಂಗಡಿಗೆ ಹೋದೆ. ಅಲ್ಲಿದ್ದವನು ಪಾಪ ಸರಿಯಾಗಿಯೇ ಕೇಳಿದ. “ಕುಂದರೂ ಜಾಗಾದಿಂದ ಗೋಡಿ ಎಷ್ಟು ದೂರ ಐತ್ರಿ ಮೇಡಂ? ಅದನ್ನ ನೋಡಿ ಸೈಜ್ ಹೇಳ್ತೀನ್ರಿ.”

“ಅಳತಿ ನನಗ ಕಲಸಬ್ಯಾಡಪಾ. ಐವತ್ತು ಇಂಚಿಂದು ಕೊಡು,” ಎಂದೆ. ಅವನು ತೋರಿಸಿದ್ದು ಕಣ್ಣಿಗೆ ಕೊಂಚ ಸಣ್ಣದೆನಿಸಿತು. ಅಂಗಡಿ ದೊಡ್ಡದಿದೆ, ಅದಕ್ಕೆ ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶನಿವಾರ ಟೀವಿ ಬಂತು. ಅಂದು ನಾನು ಅಂಗಡಿ ತೆರೆಯಲಿಲ್ಲ. ಗೋಡೆಗೆ ಹಚ್ಚಲು ಬಂದವನಿಗೆ ಕಾಗದ ತೆಗೆಯಬೇಡ, ಅದರ ನಟ್ಟನಡುವೆ ಹಚ್ಚು ಎಂದು ತಾಕೀತು ಮಾಡಿದೆ. ಕಾಗದಕ್ಕೂ ಟೀವಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ ಎಂಬ ಹಮ್ಮು ನನಗೆ. ಅವನು ಹಚ್ಚಿ ಹೋದ. ನೋಡಿದರೆ, ಸೀರೆಯ ಕೆಳಗೆ ಪೆಟಿಕೋಟು ಇಣುಕಿದ ಹಾಗೆ ಟೀವಿಯ ಸುತ್ತಲೂ ಖಾಕಿ ಕಾಗದ ಕಾಣುತ್ತಿದೆ! ಟೇಪು ಹಿಡಿದೆ. ನಲವತ್ನಾಲ್ಕು. ಅಂಗಡಿಗೆ ಫೋನು ಹಚ್ಚಿ, ಮೋಸ ಮಾಡಿದ್ದೀರೆಂದು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅಷ್ಟರಲ್ಲಿ ಅರ್ಧ ದಿನದ ಶಾಲೆ ಮುಗಿಸಿ ನಮ್ಮ ಮನೆಯವರು ಬಂದರು. ನನ್ನ ಕೈಯಿಂದ ಟೇಪು ತೆಗೆದುಕೊಂಡು ಕೆಳಗಿನ ಮೂಲೆಯಿಂದ ಎದುರಿನ ಮೇಲಿನ ಮೂಲೆಗೆ ಓರೆಯಾಗಿ ಹಿಡಿದರು. ಐವತ್ತು.

“ಟೀವಿ ಅಳಿಯೂದು ಹಿಂಗ, ಮೂಲಿಯಿಂದ ಮೂಲಿಗೆ,” ಎಂದರು. “ಅವರದು ಅಡ್ಡಕ್ಕ ನಲವತ್ತೆಂಟಂದ್ರ ಅದು ಐವತ್ತೈದು ಇಂಚಿನ ಟೀವಿ. ನನ್ನ ಒಂದ್ಮಾತು ಕೇಳಿದ್ರ ಹೇಳತಿದ್ನಿ.”

ಆ ಕೊನೆಯ ಮಾತಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಫೋನಿನಲ್ಲಿದ್ದ ಅಂಗಡಿಯವನ ಕ್ಷಮೆ ಕೇಳುವುದನ್ನೂ ಮರೆತು ಇಟ್ಟುಬಿಟ್ಟೆ. ಸೋಮವಾರ ಹೋಗಿ ಕೇಳಿದೆ, ಅದು ಬೇರೆ ಮಾತು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಅಂದ್ರ ಆಕೀದ ದೊಡ್ಡದಾತು,” ಎಂದಷ್ಟೇ ಹೇಳಿ ಮಂಚಕ್ಕೆ ಹೋಗಿ ಕೂತರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ನಾಲ್ಕೂವರೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳ. “ಅಗಬಾಯಿ, ಹೊಸಾ ಟೀವಿ!” ಎನ್ನುತ್ತ ಮಾವಶಿ ಒಳಗೆ ಬಂದರು. ನಾನು ಓಡಿಹೋಗಿ ಟೀವಿ ಹಚ್ಚಲು ರಿಮೋಟು ಒತ್ತಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

“ನಿಮ್ಮನ್ಯಾಗ ದೊಡ್ಡದು ಐತೆಲ್ಲ, ನಮ್ಮದೇನ ನೋಡ್ತಿ?” ಎಂದರು ಅತ್ತೆ, ಮುಖ ತಿರುಗಿಸಿಕೊಂಡು.

ಮಾವಶಿ ಮಂಚದ ಖಾಲಿ ಜಾಗದಲ್ಲಿ ಕೂತೇಬಿಟ್ಟರು. “ಏನ ದೊಡ್ಡದು ತಗೊಂಡು ಮಾಡ್ತಿ ಅಕ್ಕಾ! ಹೇಳಾಕ ಯಾರೂ ಇಲ್ಲ, ಕೇಳಾಕ ಯಾರೂ ಇಲ್ಲ. ಮಗ ಆಸೆಪಟ್ಟು ಹೌಸಿಲೆ ತಂದಾನ, ಅದನ್ನ ಬಿಟ್ಟು ಇಲ್ಲಿ ಬಂದ್ರ ಮನಸಿಗೆ ಹಚ್ಕೋತಾನಂತ ಸುಮ್ಮನಿದ್ದೆ. ಇವತ್ತ ಛಲೋ ನೆಪಾ ಸಿಕ್ತು. ಅಕ್ಕಾನ ಮನಿ ಟೀವಿ ನೋಡಿ ಬರ್ತೀನಂತ ಹೇಳಿ ಬಂದೆ.”

“ನಾಳೆ ಏನ ಹೇಳ್ತಿ?”

“ಕರೆಂಟ್ ಇರಲಿಲ್ಲ, ನೋಡೂದು ಆಗಲಿಲ್ಲ ಅಂತೀನಿ.”

“ನಾಡದ?”

“ಇನ್ನೂ ಪೂರಾ ನೋಡಿ ಮುಗದಿಲ್ಲ ಅಂತೀನಿ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ತೆರೆದ ಬಾಗಿಲಿನಿಂದ ಸಂಜೆಯ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಎದುರಿನ ಕಪ್ಪು ಟೀವಿಯಲ್ಲಿ ಮಂಚ ಕಾಣುತ್ತಿತ್ತು, ಮಂಚದ ಮೇಲೆ ಇಬ್ಬರು ಮುದುಕಿಯರೂ ಕಾಣುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಇಲ್ಲಿ ನೋಡವಾ, ಟೀವ್ಯಾಗ ಇಬ್ಬರೂ ಹಿಡದೀವಿ. ನಿನ್ನ ಅಳತಿ ಬರೋಬ್ಬರಿ ಐತಿ.”