ಗಂಟೆ ಬಿದ್ದರೆ ಚೆಂಡು ನಿಲ್ಲಬೇಕು

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿದ್ದ ಪ್ರಸಾದ ನಿಲಯವೆಂಬ ವಿದ್ಯಾರ್ಥಿನಿಲಯದಲ್ಲಿ ಏಕಾಂತಪ್ಪ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ. ಅವನ ಸಾರಿನ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಬೇಳೆಯನ್ನು ನೀರಿಗೆ ತೋರಿಸಿ ತೆಗೆದಂತಿರುತ್ತಿತ್ತು. ಆದರೂ ಅಲ್ಲಿ ಉಂಡು ಓದಿದವರು ಅವನ ಹೆಸರೆತ್ತಿದರೆ ಸಾಕು, ಕೂತಲ್ಲೇ ಕಾಲು ಆಡಿಸತೊಡಗುತ್ತಾರೆ. ಅದಕ್ಕೆ ಕಾರಣ ಸಾರಂತೂ ಅಲ್ಲ.

ಅಡುಗೆಮನೆ ಸೇರುವ ಮೊದಲು ಅವನು ಹನ್ನೊಂದು ವರ್ಷ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ. ಹಗಲು ಕುಲುಮೆಯ ಹತ್ತಿರ, ಸಂಜೆ ಫುಟ್‌ಬಾಲ್ ಮೈದಾನದಲ್ಲಿ. ಒಂದು ಪಂದ್ಯದಲ್ಲಿ ಮಂಡಿ ತಿರುಚಿ ಬಿದ್ದವನು ಆಮೇಲೆ ಭಾರ ಹೊರಲಾರದೆ ಹೋದ, ಓಡುವುದಂತೂ ಮುಗಿದೇ ಹೋಯಿತು. ಅಪ್ಪ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದವನು, ಹಾಗಾಗಿ ಸೌಟು ಅವನಿಗೆ ಹೊಸದಲ್ಲ. ಹೆಂಡತಿ ದಾಕ್ಷಾಯಣಮ್ಮನ ಜೊತೆ ಒಂದು ಟ್ರಂಕು ಹೊತ್ತುಕೊಂಡು ಶಿವಮೊಗ್ಗಕ್ಕೆ ಬಂದ. ಟ್ರಂಕಿನ ತಳದಲ್ಲಿ ಹಳೆಯ ಚರ್ಮದ ಚೆಂಡೊಂದು ಗಾಳಿ ಇಳಿದು ಮಲಗಿತ್ತು.

ನಿಲಯದ ವಾರ್ಡನ್ ಶಿವಶಂಕರಪ್ಪನವರು ನಿವೃತ್ತ ಮೇಷ್ಟ್ರು. ಅವರಿಗೆ ಕೋಪ ಕಡಿಮೆ, ನಗು ಅದಕ್ಕಿಂತ ಕಡಿಮೆ. ಗಡಿಯಾರದ ಮೇಲೆ ಮಾತ್ರ ಅಪಾರ ಭಕ್ತಿ. ಜಗಲಿಯಲ್ಲಿ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಏಳುವುದು, ಓದುವುದು, ಉಣ್ಣುವುದು ಎಲ್ಲಕ್ಕೂ ಅದನ್ನು ಅವರೇ ಬಡಿಯಬೇಕು. ಜ್ವರ ಬಂದ ದಿನವೂ ಸುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಐವತ್ತೇಳನೇ ಇಸವಿಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕುಂಸಿ, ಆಯನೂರು ಕಡೆಯಿಂದ ಬಂದ ರೈತರ ಮಕ್ಕಳು ನಲವತ್ತು ಜನ ಒಂದೇ ಸೂರಿನ ಕೆಳಗೆ. ಹೊಲದಲ್ಲಿ ಓಡಿ ಬೆಳೆದ ಕಾಲುಗಳನ್ನು ಮಡಚಿ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. ಒಂದು ವಾರದಲ್ಲಿ ಮೂರು ಜಗಳ, ಒಬ್ಬನ ಹಲ್ಲು ಹೋಯಿತು. ಏಕಾಂತಪ್ಪ ಕೈ ಒರೆಸಿಕೊಂಡು ವಾರ್ಡನ್ನರ ಕೋಣೆಗೆ ಹೋದ.

"ಮೇಷ್ಟ್ರೇ, ಊಟದ ಹಾಲ್ ಸಂಜೆ ಐದರಿಂದ ಆರರವರೆಗೆ ಖಾಲಿ ಇರ್ತದೆ. ಹುಡುಗರಿಗೆ ಒಂಚೂರು ಚೆಂಡಾಟ ಕಲಿಸ್ತೀನಿ."

"ಪ್ರಸಾದ ತಗೊಳ್ಳೋ ಜಾಗಕ್ಕೆ ಚರ್ಮ ತರ್ತೀಯಾ?"

"ಇಲ್ಲ, ಬಟ್ಟೆ ಚೆಂಡು ಮಾಡ್ಕೊಳ್ತೀವಿ."

ಶಿವಶಂಕರಪ್ಪನವರು ಜೇಬಿನ ಗಡಿಯಾರ ತೆಗೆದು ನೋಡಿದರು. "ಆರಕ್ಕೆ ಗಂಟೆ ಹೊಡೀತೀನಿ. ಗಂಟೆ ಬಿದ್ದ ಮೇಲೆ ಒಂದು ಒದೆ ಕೇಳಿಸಿದ್ರೂ ಆಟ ಬಂದ್. ಆಮೇಲೆ ನನ್ನ ಹತ್ರ ಬರಬಾರದು."

ದಾಕ್ಷಾಯಣಮ್ಮ ಗೊಣಗುತ್ತಲೇ ಗಂಡನ ಹಳೆಯ ಪಂಚೆ ಹರಿದು, ಹತ್ತಿ ತುರುಕಿ, ಹುರಿಯಿಂದ ಬಿಗಿದು ಚೆಂಡು ಹೊಲಿದುಕೊಟ್ಟಳು. ಹಾಲ್‌ನ ಎರಡೂ ತುದಿಗೆ ಊಟದ ಮಣೆಗಳನ್ನು ನಿಲ್ಲಿಸಿದರೆ ಗೋಲು ಸಿದ್ಧ. ಒಂದೊಂದು ಕಡೆಗೆ ನಾಲ್ಕೇ ಜನ. ಐದು ನಿಮಿಷ ಆದ ಕೂಡಲೇ ಅವರು ಹೊರಗೆ, ಬೇರೆ ಎಂಟು ಜನ ಒಳಗೆ. ಚೆಂಡು ಮೊಣಕಾಲಿಗಿಂತ ಮೇಲೆ ಏಳಬಾರದು, ಏಕೆಂದರೆ ಗೋಡೆಯ ಮೇಲೆ ಗುರುಗಳ ಪಟವಿದೆ. ಎರಡು ಸಲಕ್ಕಿಂತ ಹೆಚ್ಚು ಮುಟ್ಟಬಾರದು, ಏಕೆಂದರೆ ಉಳಿದ ಮೂವರಿಗೂ ಕಾಲಿದೆ.

ಮೊದಮೊದಲು ಎಂಟು ಜನವೂ ಚೆಂಡಿನ ಮೇಲೆ ಮುಗಿಬಿದ್ದು ಕಂಬಕ್ಕೆ ಹಣೆ ಬಡಿದುಕೊಳ್ಳುತ್ತಿದ್ದರು. ಏಕಾಂತಪ್ಪ ತನಗೆ ಗೊತ್ತಿದ್ದ ಕೆಲಸದಿಂದಲೇ ಪಾಠ ತೆಗೆದ.

"ನಾನು ಪಂಕ್ತಿಯಲ್ಲಿ ಬಡಿಸೋದು ನೋಡಿದೀರಲ್ಲ. ಈ ಎಲೆಗೆ ಅನ್ನ ಹಾಕ್ತಿರುವಾಗಲೇ ಕಣ್ಣು ಮುಂದಿನ ಎಲೆ ಮೇಲಿರ್ತದೆ. ಚೆಂಡು ಕಾಲಿಗೆ ಬಂದ ಮೇಲೆ ಯಾರಿಗೆ ಕೊಡ್ಲಿ ಅಂತ ಹುಡುಕ್ಬೇಡ್ರೋ. ಬರೋಕೆ ಮುಂಚೆನೇ ನೋಡ್ಕೊಂಡಿರಿ."

ಇದು ಅವರಿಗೆ ಅರ್ಥವಾಯಿತು, ಊಟಕ್ಕೆ ಕೂತ ಹುಡುಗನಿಗೆ ಬಡಿಸುವವನ ಕಣ್ಣಿನ ಮೇಲೆಯೇ ಗಮನವಿರುತ್ತದೆ. ಇಕ್ಕಟ್ಟಿನಲ್ಲಿ ತಿರುಗುವುದು, ಪಾದದ ಒಳಮಗ್ಗುಲಿನಿಂದ ತಳ್ಳುವುದು, ಎಡಗಾಲನ್ನೂ ಕೆಲಸಕ್ಕೆ ಹಚ್ಚುವುದು ಒಂದೊಂದಾಗಿ ಬಂದವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ನಿಲ್ಲಿಸುವುದು. ಹಳಿಯ ಮೇಲೆ ಸುತ್ತಿಗೆ ಬಿದ್ದ ತಕ್ಷಣ ಅಂಗಾಲು ಚೆಂಡಿನ ಮೇಲೆ, ಉಳಿದವರು ಇದ್ದಲ್ಲೇ ಕೈಕಟ್ಟಿ, ಆಮೇಲೆ ಸಾಲಾಗಿ ಕಾಲು ತೊಳೆಯಲು. ಎರಡು ಮಳೆಗಾಲದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಆದರೂ ಗಂಡಾಂತರ ಬಂತು. ಪ್ರಸಾದದ ಮನೆಯಲ್ಲಿ ಇದೇನು ಕುಣಿತ ಎಂದು ನಿಲಯದ ಕಮಿಟಿಯವರು ತಕರಾರು ತೆಗೆದರು. ಶಿವಶಂಕರಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು.

"ಅದು ಆಟನೋ ಗಲಾಟೆನೋ ನಂಗೂ ಗೊತ್ತಾಗಲ್ಲ ಏಕಾಂತಪ್ಪ. ಹೊರಗಡೆ ಒಂದು ಪಂದ್ಯ ಆಡಿಸಿ ತೋರ್ಸು. ಗೆದ್ರೆ ಕಮಿಟಿ ಹತ್ರ ನಾನೇ ಮಾತಾಡ್ತೀನಿ. ಸೋತ್ರೆ ಮುಗೀತು."

ಭದ್ರಾವತಿಯ ಕಾರ್ಮಿಕರ ಮಕ್ಕಳಿಗೆ ಆಟ ಕಲಿಸುತ್ತಿದ್ದವನು ಏಕಾಂತಪ್ಪನ ಹಳೆಯ ಜೊತೆಗಾರ ಜಯಪ್ಪ. ಅವನ ಹುಡುಗರ ಜೊತೆ ಅರ್ಧ ಮೈದಾನ, ಏಳೇಳು ಜನ ಎಂದು ಮಾತಾಯಿತು. ಟ್ರಂಕಿನಲ್ಲಿದ್ದ ಚೆಂಡಿಗೆ ಗಾಳಿ ತುಂಬಿಸಿ ನಾಲ್ಕು ಭಾನುವಾರ ಬಯಲಿನಲ್ಲಿ ಅಭ್ಯಾಸ ನಡೆಯಿತು. ಪುಟಿಯುವ ಚೆಂಡು ಕಂಡು ಹುಡುಗರು ಮೊದಲ ದಿನ ಕರು ಹಿಡಿಯುವವರಂತೆ ಅದರ ಹಿಂದೆ ಓಡಿದರು, ನಾಲ್ಕನೆಯ ದಿನಕ್ಕೆ ಹಿಡಿತಕ್ಕೆ ಬಂತು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ರೈಲು ಹತ್ತಿ ಭದ್ರಾವತಿಗೆ ಹೋದರು. ವಾರ್ಡನ್ನರೂ ಕೊಡೆ ಹಿಡಿದು ಬಂದರು. "ಏನ್ ಮಾರಾಯ, ಊಟದ ಮನೇಲಿ ಕಲ್ತ ಆಟನಂತೆ," ಎಂದು ಜಯಪ್ಪ ನಕ್ಕ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಆ ನಗು ನಿಂತಿತು. ಅವನ ಹುಡುಗರು ಎತ್ತರಕ್ಕೆ ಹೊಡೆದು ಓಡುತ್ತಿದ್ದರೆ, ಇವರು ನೆಲ ಬಿಡದೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಅವರ ನಡುವಿನಿಂದಲೇ ಹೊರಬರುತ್ತಿದ್ದರು. ಅವರದೊಂದು ಗೋಲು, ಇವರದೊಂದು ಗೋಲು. ಏಕಾಂತಪ್ಪನಿಗೆ ಮಂಡಿನೋವು ಮರೆತೇ ಹೋಗಿತ್ತು. ಅವನು ಸಂತೋಷವಾಗಿದ್ದ. ಆ ಮಾತನ್ನು ಅವನ ಬಗ್ಗೆ ಹೇಳುವ ಸಂದರ್ಭಗಳು ಹೆಚ್ಚಿರಲಿಲ್ಲ.

ಇನ್ನು ಮೂರ್ನಾಲ್ಕು ನಿಮಿಷವಿದ್ದಾಗ ಆಯನೂರಿನ ಪರಮೇಶ್ವರಪ್ಪನೆಂಬ ಹುಡುಗ ಇಬ್ಬರನ್ನು ದಾಟಿದ. ಎದುರಿಗೆ ಗೋಲ್‌ಕೀಪರ್ ಕೂಡ ಜಾರಿ ಬಿದ್ದಿದ್ದ. ಬರೀ ತಳ್ಳಿದ್ದರೆ ಸಾಕಿತ್ತು.

ಆಗ ಮೈದಾನದ ಪಕ್ಕದಲ್ಲೇ ಇದ್ದ ಕಾರ್ಖಾನೆಯ ಗೇಟಿನ ಕಾವಲುಗಾರ ಐದು ಗಂಟೆ ಬಡಿದ. ಅಲ್ಲಿ ನೇತಾಡುತ್ತಿದ್ದದ್ದೂ ರೈಲು ಹಳಿಯ ತುಂಡೇ.

ಪರಮೇಶ್ವರಪ್ಪನ ಅಂಗಾಲು ಚೆಂಡಿನ ಮೇಲೆ ಕೂತಿತು. ಉಳಿದ ಆರು ಜನ ಇದ್ದಲ್ಲೇ ಕೈಕಟ್ಟಿದರು. ಅವರಲ್ಲಿ ಇಬ್ಬರು ಸಾಲು ಹಿಡಿಯಲು ಹೊರಟೇಬಿಟ್ಟರು. ಭದ್ರಾವತಿಯ ಹುಡುಗರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮರುಕ್ಷಣ ಒಬ್ಬ ಬಂದು ಕಾಲ ಕೆಳಗಿನಿಂದ ಚೆಂಡು ಕಿತ್ತುಕೊಂಡು ಹೋದ. ಅಡ್ಡಬರುವವರೇ ಇಲ್ಲದೆ ನೇರವಾಗಿ ಗೋಲಿಗೆ ಹೊಡೆದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಏಕಾಂತಪ್ಪ ಗೇಟಿನ ಕಡೆ ನೋಡಿದ. ಹನ್ನೊಂದು ವರ್ಷ ಆ ಗೇಟಿನ ಗಂಟೆ ಕೇಳಿದ್ದವನಿಗೆ ಅದು ಹುಡುಗರಿಗೂ ಕೇಳಿಸುತ್ತದೆ ಎಂಬುದು ಹೊಳೆದಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಶಿವಶಂಕರಪ್ಪನವರ ಕೈ ತಾನಾಗಿ ಜೇಬಿನ ಗಡಿಯಾರಕ್ಕೆ ಹೋಗಿ ಅಲ್ಲೇ ನಿಂತಿತ್ತು.

ಸ್ಟೇಷನ್ನಿನಲ್ಲಿ ಪರಮೇಶ್ವರಪ್ಪ ತಲೆ ಬಗ್ಗಿಸಿ ಬಂದ. "ಗಂಟೆ ಹೊಡೀತು, ಅದ್ಕೆ ನಿಲ್ಲಿಸ್ದೆ ಏಕಾಂತಣ್ಣ."

"ಸರಿಯಾಗೇ ನಿಲ್ಲಿಸ್ದೆ ಕಣೋ. ತಪ್ಪು ನಂದು."

ಕೊಡೆಯ ಹಿಡಿಯ ಮೇಲೆ ಗದ್ದವೂರಿ ಕೂತಿದ್ದ ವಾರ್ಡನ್ನರು ಅದನ್ನು ಕೇಳಿಸಿಕೊಂಡರು.

ಸೋಮವಾರ ಸಂಜೆ ಮತ್ತೆ ಮಳೆ. ಏಕಾಂತಪ್ಪ ಬಟ್ಟೆ ಚೆಂಡನ್ನು ಒಲೆಗೆ ಹಾಕಲೆಂದು ತಂದು, ಹಾಕಲಾರದೆ, ಕಟ್ಟಿಗೆ ರಾಶಿಯ ಮೇಲಿಟ್ಟು ಬೇಳೆ ತೊಳೆಯುತ್ತಿದ್ದ. ಬಾಗಿಲಲ್ಲಿ ಶಿವಶಂಕರಪ್ಪನವರು ಕಾಣಿಸಿದರು.

"ಐದು ಹೊಡೆದಾಯ್ತು. ಹುಡುಗರು ಗೋಡೆ ನೋಡ್ತಾ ಕೂತಿದಾರೆ. ಚೆಂಡೆಲ್ಲಿ?"

"ಸೋತ್ವಲ್ಲ, ಮೇಷ್ಟ್ರೇ."

ಅವರು ಚೆಂಡನ್ನು ತಾವೇ ಎತ್ತಿಕೊಂಡು ಅಂಟಿದ್ದ ಬೂದಿ ಕೊಡವಿದರು. "ಸೋಲಿಸಿದ್ದು ನನ್ನ ಗಂಟೆ. ಕಮಿಟಿಗೆ ಹಾಗಂತಲೇ ಹೇಳ್ತೀನಿ. ಹೋಗಿ ಆಡಿಸು."

ಆಟ ಶುರುವಾಯಿತು. ಆರು ಸಮೀಪಿಸುತ್ತಿದ್ದಂತೆ ಹುಡುಗರ ಕಿವಿ ಜಗಲಿಯ ಕಡೆ ಹೋಗುವುದು ಏಕಾಂತಪ್ಪನಿಗೆ ತಿಳಿಯುತ್ತಿತ್ತು. ಅವನೂ ಕಾಯುತ್ತಿದ್ದ. ಚೆಂಡು ಪರಮೇಶ್ವರಪ್ಪನ ಕಾಲಿಗೆ ಬಂತು. ಗಂಟೆ ಬೀಳಲಿಲ್ಲ. ಅವನು ಒಬ್ಬನನ್ನು ದಾಟಿದ, ಕಂಬ ಸುತ್ತಿದ, ಅನುಮಾನದಿಂದ ಒಮ್ಮೆ ನಿಧಾನಿಸಿದ. ಆಗಲೂ ಬೀಳಲಿಲ್ಲ. ಏಕಾಂತಪ್ಪ ಬಗ್ಗಿ ಕಿಟಕಿಯಿಂದ ನೋಡಿದ. ಜಗಲಿಯಲ್ಲಿ ಶಿವಶಂಕರಪ್ಪನವರು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಇನ್ನೊಂದರಲ್ಲಿ ಸುತ್ತಿಗೆ ಎತ್ತಿ, ಹಾಲ್‌ನೊಳಗೆ ಕಣ್ಣಿಟ್ಟು ನಿಂತಿದ್ದರು.

ಪರಮೇಶ್ವರಪ್ಪ ತಳ್ಳಿದ ಚೆಂಡು ಎರಡು ಮಣೆಗಳ ನಡುವೆ ಹೋಗಿ ಗೋಡೆಗೆ ತಗುಲಿ ನಿಂತಿತು. ಆಮೇಲೆ ಅವರು ಗಂಟೆ ಹೊಡೆದರು. ಆರು ದಾಟಿ ಎರಡು ನಿಮಿಷವಾಗಿತ್ತು.