ಬಸವಣ್ಣೆವ್ವನ ತವರಿನ ಹೆಪ್ಪು

ಪುಣೆಯ ಶುಕ್ರವಾರ ಪೇಟೆಯಲ್ಲಿ ಬಸವಣ್ಣೆವ್ವನ ಖಾನಾವಳಿ ಅಂದರೆ ಹಳೆಯ ವಾಡೆಯೊಂದರ ಹಿಂಭಾಗದ ಎರಡು ಕೋಣೆ, ಅಷ್ಟೇ. ಮುಧೋಳದ ಕಡೆಯ ಹೆಂಗಸು. ಗಂಡ ಸತ್ತ ಮೇಲೆ ಯಾರ ಮುಂದೆಯೂ ಕೈಯೊಡ್ಡದೆ ರೊಟ್ಟಿ ಬಡಿದು ಬದುಕಿದವಳು. ನಾನು ಸ್ವಾರಗೇಟಿನ ಆಫೀಸೊಂದರಲ್ಲಿ ಗುಮಾಸ್ತ. ಮೊಸರಿನಲ್ಲಿ ಕಲ್ಲು ಹುಡುಕುವವನು ಅಂತ ಆಫೀಸಿನವರು ನನ್ನನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅವಳ ಮೊಸರಿನಲ್ಲಿ ಮಾತ್ರ ನನಗೂ ಕಲ್ಲು ಸಿಗಲಿಲ್ಲ.

ಆ ಮೊಸರಿನ ಹೆಪ್ಪು ಅವಳ ತವರಿನದು. ಮದುವೆಯಾಗಿ ಹೊರಟಾಗ ತಾಯಿ ಸಣ್ಣ ಡಬ್ಬಿಯಲ್ಲಿ ಕೊಟ್ಟದ್ದು. ದಿನಾ ಒಂದು ಚಮಚ ಉಳಿಸಿ ಮರುದಿನದ ಹಾಲಿಗೆ ಹಾಕುವಳು. ಊರಿಗೆ ಹೋದರೂ ರೈಲಿನಲ್ಲಿ ಡಬ್ಬಿ ಜೊತೆಗೇ ಹೋಗುತ್ತಿತ್ತು. ತಾಯಿ ತೀರಿಕೊಂಡಳು, ತವರಿನವರು ಎಮ್ಮೆ ಮಾರಿ ಪಾಕೀಟಿನ ಹಾಲಿಗೆ ಬಂದರು. ತಾಯಿಯದು ಅಂತ ಅವಳ ಹತ್ತಿರ ಉಳಿದದ್ದು ಆ ಹೆಪ್ಪೊಂದೇ. ಒಂದು ಫೋಟೋ ಕೂಡ ಇರಲಿಲ್ಲ.

೧೯೯೮ರಲ್ಲಿ ಅವಳ ಮೈದುನ ಮುರುಗೆಪ್ಪ ಮಗ್ಗುಲ ಓಣಿಯಲ್ಲೇ ಖಾನಾವಳಿ ತೆರೆದ. ಮೇಜು, ಫ್ಯಾನು, ಫ್ರಿಜ್ಜು, ಎಲ್ಲಾ ಇತ್ತು. ಇಷ್ಟು ದೊಡ್ಡ ಪುಣೆಯಲ್ಲಿ ಇವನಿಗೆ ಹೊಡೆಯಲು ಅಣ್ಣನ ಹೆಂಡತಿಯ ಹೊಟ್ಟೆಯೇ ಬೇಕಿತ್ತೇ? ನನ್ನ ಮೈ ಉರಿದುಹೋಯಿತು. ಸಾಲದ್ದಕ್ಕೆ ಅವನ ಹೆಂಡತಿ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು. ಕೊಡಬೇಡ ಅಂತ ನಾನು ಊಟಕ್ಕೆ ಕೂತಲ್ಲಿಂದಲೇ ಕಣ್ಸನ್ನೆ ಮಾಡಿದೆ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಬಸವಣ್ಣೆವ್ವ ಬಟ್ಟಲಿನ ತುಂಬ ಕೊಟ್ಟಳು.

ಕೆಲವು ದಿನಕ್ಕೆ ಮುರುಗೆಪ್ಪನ ಮನೆಯಿಂದ ಒಂದು ಬಟ್ಟಲು ಬಂತು. ನಮ್ಮ ಕಡೆ ಪಡೆದವರು ಬರಿದೇ ಕೂರುವುದಿಲ್ಲ, ತಿರುಗಿ ಏನಾದರೂ ಕಳಿಸುತ್ತಾರೆ. ಅವರು ತಮ್ಮ ಮೊಸರನ್ನೇ ಕಳಿಸಿದ್ದರು. ಬಳಗದ ಮನೆಯಿಂದ ಬಂದ ಮೊಸರನ್ನು ಚೆಲ್ಲುವುದುಂಟೇ? ಬಸವಣ್ಣೆವ್ವ ಅವತ್ತು ತನ್ನ ಹೆಪ್ಪಿನ ಜೊತೆ ಅದನ್ನೂ ಗಡಿಗೆಯ ಹಾಲಿಗೆ ಸುರಿದಳು. ಎರಡು ಮನೆಯದೂ ಕೂಡಿರಲಿ ಅಂದಳು.

ಅಲ್ಲಿಂದ ಮೊಸರು ಕೆಡುತ್ತ ಬಂತು. ಮೊದಲು ಹುಳಿ ಏರಿತು, ಆಮೇಲೆ ನೀರೊಡೆಯಿತು. ಅವಳು ಗಡಿಗೆ ಬದಲಿಸಿದಳು, ಹಾಲಿನವನನ್ನು ಬೈದಳು, ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಉಣ್ಣುವವರು ಒಬ್ಬೊಬ್ಬರಾಗಿ ಮಗ್ಗುಲ ಓಣಿಗೆ ಸರಿದರು.

ನಮ್ಮ ಜೊತೆ ಉಣ್ಣುತ್ತಿದ್ದ ಶೈಲಶ್ರೀ ಎಂಬ ಧಾರವಾಡದ ಹುಡುಗಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ವಿಷಯ ಓದುತ್ತಿದ್ದಳು. ಒಂದು ಶೀಸೆಯಲ್ಲಿ ಮೊಸರು ಒಯ್ದು ಪರೀಕ್ಷೆ ಮಾಡಿ ಬಂದಳು. ಗಡಿಗೆಯಲ್ಲಿ ಈಗ ಒಂದೇ ತಳಿಯ ಬ್ಯಾಕ್ಟೀರಿಯಾ ಇದೆಯಂತೆ. ಅದು ಸುತ್ತ ವಿಷ ಕಾರಿ ಉಳಿದವನ್ನು ಕೊಲ್ಲುತ್ತದಂತೆ, ತನಗೆ ಮಾತ್ರ ಆ ವಿಷ ತಗಲುವುದಿಲ್ಲವಂತೆ. ಮುರುಗೆಪ್ಪನ ಮನೆಯ ಬಟ್ಟಲಿನ ಸಂಗಡ ಬಂದಿರಬೇಕು ಅಂದಳು.

"ದೂರದ ಜಾತೀವನ್ನ ಮುಟ್ಟೂದಿಲ್ರಿ ಅಕ್ಕಾರ. ಅದರ ವಿಷ ನಡಿಯೂದು ಭಾಳ ಹತ್ತಿರದ ಬಳಗದ ಮ್ಯಾಲ."

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು. ಕಣ್ಣಿಗೆ ಕಾಣದ ಹುಳಕ್ಕೂ ಈ ಬುದ್ಧಿ ಇದೆ ಅಂದರೆ ಮನುಷ್ಯರನ್ನು ಬೈದು ಏನು ಬಂತು! ಆದರೆ ಬಸವಣ್ಣೆವ್ವ ಹಿಡಿದದ್ದು ಬೇರೆ ಎಳೆ. ಮುರುಗೆಪ್ಪನ ಮನೆಯಲ್ಲಿ ತಾನು ಕೊಟ್ಟ ಹೆಪ್ಪನ್ನು ಬೇರೆಯಾಗಿ ಇಟ್ಟಿದ್ದರೆ ಅವ್ವನದು ಇನ್ನೂ ಜೀವಂತ ಇದ್ದೀತು ಅಂತ ಅವಳಿಗೆ ಆಸೆ ಹುಟ್ಟಿತು. ಸಂಜೆ ಕೇಳಲು ಹೋದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ ಅಂದ ಮುರುಗೆಪ್ಪ. ಬೆಳಿಗ್ಗೆ ಹೋದರೆ ಇವತ್ತು ಶುಕ್ರವಾರ ಅಂದ. ಮತ್ತೆ ಹೋದಾಗ ತೀರಿಹೋಗಿದೆ ಅಂದ. ಮುಖ ಸಣ್ಣದು ಮಾಡಿಕೊಂಡು ಬಂದು ಒಲೆಯ ಮುಂದೆ ಕೂತಳು.

ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಗಿರಾಕಿಗಳ ಮುಂದೆಯೇ ಬಾಯಿಗೆ ಬಂದದ್ದು ಬೈದೆ. ಅವನು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದ.

"ಕೊಡಾಕ ನನ್ನ ಕಡೆ ಏನದ ರೀ? ವೈನಿ ಹೆಪ್ಪು ಮೊದಲ್ನೇ ದಿನಾನ ನಮ್ಮ ಡೇರಿ ಹೆಪ್ಪಿನ್ಯಾಗ ಕೂಡಿಸಿದ್ವಿ. ಈಗ ಇರೂದೆಲ್ಲಾ ಡೇರೀದ. ಹುಳಿ ಏರೂದ್ರಾಗ ಫ್ರಿಜ್ಜಿನ್ಯಾಗ ಇಡ್ತೀವಿ, ಅಷ್ಟ. ಮಂದಿ ಮಾತ್ರ ಬಸವಣ್ಣೆವ್ವನ ಹೆಪ್ಪಿನ ಮೊಸರು ಅಂತ ಬೆರಳ ನೆಕ್ಕತಾರ. ವೈನಿಗೆ ಯಾವ ಬಾಯಿಲೆ ಹೇಳ್ಲಿ?"

ಬಂದು ಅವಳಿಗೆ ಎಲ್ಲಾ ಹೇಳಿದೆ. ಹೆಪ್ಪು ಹೋಯಿತು ಅಂದಾಗ ಕಣ್ಣೀರು ಹಾಕಲಿಲ್ಲ. ಬೆರಳು ನೆಕ್ಕುವವರು ಯಾರು ಅಂತಷ್ಟೇ ಕೇಳಿದಳು. ಅಲ್ಲಿ ಉಣ್ಣುತ್ತ ಕೂತಿದ್ದವನನ್ನು ಕಂಡಿದ್ದೆ, ಪ್ರಲ್ಹಾದ ಅಂದೆ. ಅವನು ಸೊಲ್ಲಾಪುರದ ಕಡೆಯ ಬಟ್ಟೆ ಅಂಗಡಿಯವನು, ವರ್ಷಗಟ್ಟಲೆ ಅವಳ ಪಂಕ್ತಿಯಲ್ಲೇ ಉಂಡವನು.

"ಅಷ್ಟ ವರ್ಷ ನಮ್ಮವ್ವನ ಮೊಸರು ಉಣಿಸಿದ್ನಿ. ಅವನ ನಾಲಿಗ್ಯಾಗೂ ಉಳೀಲಿಲ್ಲಲ್ಲ ತಮ್ಮಾ," ಅಂದಳು.

ಮರುದಿನದಿಂದ ಅವಳೂ ಡೇರಿಯ ಪಾಕೀಟಿನ ಮೊಸರು ತರಿಸಿದಳು. ಬಿಟ್ಟು ಹೋದವರು ಮೆಲ್ಲಗೆ ಮರಳಿದರು, ಅವರಲ್ಲಿ ಪ್ರಲ್ಹಾದನೂ ಇದ್ದ. ಅವನು ಎರಡನೇ ಸಲ ಮೊಸರು ಹಾಕಿಸಿಕೊಂಡು ಕಲಸಿ ಉಂಡ.

"ಅಕ್ಕಾರ, ಈಗ ನೋಡ್ರಿ, ಮೊಸರು ಮತ್ತ ಮೊದಲಿನಂಗ ಆತು," ಅಂದ.

ಬಸವಣ್ಣೆವ್ವ ಅವನ ತಾಟಿಗೆ ಇನ್ನೊಂದು ಸೌಟು ಹಾಕಿದಳು.