ಇಪ್ಪತ್ತೈದೂವರೆ ಇಂಚು

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮಿಲ್ಲಿ ಎಂದೇ ಕರೆಯುತ್ತಿದ್ದರು. ಮಿಲಿಮೀಟರಿನ ಮಿಲ್ಲಿ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದುಕೊಂಡಿತ್ತು. ಇಪ್ಪತ್ತೆರಡು ವರ್ಷ ಅವಳು ತಪಾಸಣೆ ಕೋಣೆಯಲ್ಲಿ ಕೂತು, ಲೇತಿನಿಂದ ಇಳಿದು ಬಂದ ಒಂದೊಂದು ಉಕ್ಕಿನ ದಂಡವನ್ನೂ ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ನೋಡಿದವಳು. ಕೂದಲೆಳೆಯ ಕಾಲು ಭಾಗದಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಅಂಟಿಸುತ್ತಿದ್ದಳು. ಇಡೀ ಪಾಳಿಯ ದುಡಿಮೆಯನ್ನು ಹಾಗೆ ತಿರಸ್ಕರಿಸುವವಳ ಪಕ್ಕ ಊಟಕ್ಕೆ ಕೂರಲು ಯಾರಿಗೆ ಮನಸ್ಸು ಬಂದೀತು? ಅವಳೂ ಕರೆಯಲಿಲ್ಲ, ಅವರೂ ಬರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದಾಗ ಅಳತೆಯ ಮೇಜನ್ನೇ ಒಂದಿಷ್ಟು ಒರೆಸಿ ಡಬ್ಬಿ ಬಿಚ್ಚುತ್ತಿದ್ದಳು.

ಕಾರ್ಖಾನೆಯವರು ಒಂದು ದಿನ ಯಂತ್ರಗಳನ್ನೆಲ್ಲ ಲಾರಿಗೆ ಹೇರಿಕೊಂಡು ದೂರದ ಊರಿಗೆ ಹೋದರು. ಅವಳಿಗಾಗ ನಲವತ್ತೆಂಟು. ಹಳೆಯ ಮುದ್ರಣಾಲಯವೊಂದರ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಮದುವೆಯಾಗಿ ಹೋದ ತಂಗಿ ಬಿಟ್ಟುಹೋಗಿದ್ದ ಒಡಕು ಗಿಟಾರೊಂದು ಹಿಂದಿನ ಕೋಣೆಯಲ್ಲಿ ಬಟ್ಟೆಗಳ ಹಿಂದೆ ಬಿದ್ದಿತ್ತು. ಕೈಗೆ ಕೆಲಸವಿಲ್ಲದ ಒಂದು ಬೆಳಿಗ್ಗೆ ಅದರ ಬೆನ್ನನ್ನು ಎಬ್ಬಿಸಿ, ಹಳೆಯ ಚಾಳಿಯಂತೆ ಒಳಗೆಲ್ಲ ಅಳೆದು ನೋಡಿದಳು. ಒಂದು ಪಟ್ಟಿಯಿದ್ದ ಹಾಗೆ ಇನ್ನೊಂದಿಲ್ಲ. ಎಡಭುಜಕ್ಕಿಂತ ಬಲಭುಜ ನಾಲ್ಕು ಮಿಲಿಮೀಟರ್ ದೊಡ್ಡದು. ಅಂಟಂತೂ ಸುರಿದು ಹೆಪ್ಪುಗಟ್ಟಿತ್ತು. ಇಷ್ಟೆಲ್ಲ ತಪ್ಪುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದು ಅಷ್ಟು ವರ್ಷ ಹೇಗೆ ಹಾಡಿತು ಎಂಬ ಪ್ರಶ್ನೆ ಅವಳನ್ನು ಬಿಡದೆ ಕಾಡಿತು. ಹಾಗೆ ಶುರುವಾದದ್ದು. ಮೂರು ವರ್ಷದಲ್ಲಿ ಆರು ಗಿಟಾರ್ ಮಾಡಿದಳು. ನುಡಿಸಲು ಒಂದಕ್ಷರ ಬರುತ್ತಿರಲಿಲ್ಲ. ತಂತಿ ಮೀಟಿ, ಶ್ರುತಿ ತೋರಿಸುವ ಮೀಟರಿನ ಮುಳ್ಳು ನೋಡಿ, ಸರಿ ಎಂದು ಗೀಚಿಕೊಳ್ಳುತ್ತಿದ್ದಳು.

ಒಡಲು ಅವಳಿಗೆ ಕೈವಶವಾಯಿತು. ಕೈಕೊಟ್ಟದ್ದು ಕತ್ತು, ತಂತಿ ಒತ್ತುವಾಗ ಎಡಗೈ ಹಿಡಿಯುವ ಭಾಗ. ಅದರ ಬೆನ್ನಿನ ದುಂಡು ಯಾವ ಅಳತೆಗೂ ಪೂರ್ತಿ ಸಿಕ್ಕುವಂಥದ್ದಲ್ಲ. ಅದು ಅಂಗೈಯ ವ್ಯವಹಾರ. ಏಳನೆಯ ಗಿಟಾರಿಗೆ ಹೀಗೆ ಎರಡು ಕತ್ತುಗಳನ್ನು ಹಾಳು ಮಾಡಿಕೊಂಡು ಮೂರನೆಯದಕ್ಕೆ ಹಲಗೆ ಕೊಳ್ಳಲು ಹೋದಾಗ ಮರದ ಅಂಗಡಿಯವನು ನಕ್ಕ. ಒಂದೊಂದೇ ಹಲಗೆ ಕೊಂಡು, ಅದನ್ನು ಅರ್ಧ ಗಂಟೆ ತಟ್ಟಿ ತಟ್ಟಿ ಕೇಳುವ ಇನ್ನೊಬ್ಬ ಗಿರಾಕಿ ತನಗಿದ್ದಾನೆ, ನಿಮ್ಮಿಬ್ಬರ ತಲೆಯೂ ಒಂದೇ ಅಚ್ಚಿನದು ಎಂದು ಒಂದು ಫೋನ್ ನಂಬರು ಬರೆದುಕೊಟ್ಟ.

ಆ ಇನ್ನೊಬ್ಬ ಗಿರಾಕಿ, ತಾಂತ್ರಿಕ ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಬಸ್ಸಿನಲ್ಲಿ ಐದು ಗಂಟೆ ದೂರದ ಊರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಎಂದರು, ಮಾಡಿದಳು. ಮುಂದಿನ ಭಾನುವಾರ ಅವರೇ ಮಾಡಿದರು. ಎರಡು ವರ್ಷ ಅದು ತಪ್ಪಲಿಲ್ಲ. ಮುಖ ನೋಡಿರಲಿಲ್ಲ, ಮನೆಮಠ ವಿಚಾರಿಸಿರಲಿಲ್ಲ. ಮಾತೆಲ್ಲ ಮರ, ಉಳಿ, ಅಂಟು. ಮುಖ್ಯವಾಗಿ ಜಗಳ. ಯಾಕೆಂದರೆ ಮೇಷ್ಟ್ರು ಇಂಚಿನವರು.

ಇಂಚಿನಲ್ಲಿ ಅರ್ಧ ಇದೆ, ಕಾಲು ಇದೆ, ಅರೆಕಾಲು ಇದೆ, ಅದರರ್ಧ ವೀಸ ಇದೆ, ಕಾಗದ ಮಡಚಿದ ಹಾಗೆ ಮಡಚುತ್ತ ಹೋಗಬಹುದು, ನಿಮ್ಮ ಹತ್ತನ್ನು ಮೂರು ಸಲ ಮಡಚಿ ತೋರಿಸಿ ನೋಡೋಣ ಎಂದು ಅವರು ಕೆಣಕುತ್ತಿದ್ದರು. ನೀವು ಐದು ಅರೆಕಾಲಿಗೆ ಮೂರು ವೀಸ ಕೂಡಿಸುವಷ್ಟರಲ್ಲಿ ನಾನು ಊಟ ಮಾಡಿ ಕೈ ತೊಳೆದಿರುತ್ತೇನೆ ಎಂದು ಅವಳು ತಿರುಗಿಸುತ್ತಿದ್ದಳು. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅವಳ ಮುಖದ ಮೇಲೆ ನಗು ಇರುತ್ತಿತ್ತು. ಅದು ಮಾಸುವಷ್ಟರಲ್ಲಿ ಸೋಮವಾರ ಬಂದಿರುತ್ತಿತ್ತು.

ಇಬ್ಬರೂ ಸೇರಿ ಒಂದು ಗಿಟಾರ್ ಮಾಡೋಣ ಎಂಬ ಮಾತು ತೆಗೆದವರು ಮೇಷ್ಟ್ರೇ. ಕತ್ತು ಅವರದು, ಒಡಲು ಇವಳದು. ಆಗ ಅಳತೆಯ ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ. ತಂತಿಯ ಉದ್ದ ಎಷ್ಟು ಎಂಬುದು ತೀರ್ಮಾನವಾಗದೆ ಒಂದು ಗೀರನ್ನೂ ಹಾಕುವಂತಿಲ್ಲ. ಕತ್ತಿನ ಮೇಲೆ ಸ್ವರದ ಮೆಟ್ಟಿಲು ಕೂರಿಸುವ ಒಂದೊಂದು ಗೀರೂ ಆ ಉದ್ದದಿಂದಲೇ ಹುಟ್ಟಬೇಕು. ಮೇಷ್ಟ್ರದು ಇಪ್ಪತ್ತೈದೂವರೆ ಇಂಚು, ಇವಳದು ಆರುನೂರೈವತ್ತು ಮಿಲಿಮೀಟರ್. ಎರಡಕ್ಕೂ ನಡುವೆ ಎರಡು ಚಿಲ್ಲರೆ ಮಿಲಿಮೀಟರಿನ ಅಂತರ. ಅವಳು ಪಟ್ಟು ಹಿಡಿದಳು. ಆರುನೂರೈವತ್ತಾದರೆ ಮಾಡುತ್ತೇನೆ, ಇಲ್ಲವಾದರೆ ಬೇಡ ಎಂದುಬಿಟ್ಟಳು.

"ಆಗ್ಲಿ ತಾಯಿ, ನಿಮ್ಮ ದಾರಿಗೇ ಬರೋಣ," ಎಂದರು ಮೇಷ್ಟ್ರು.

ಗೆದ್ದೆನೆಂದು ಹಿಗ್ಗಿದಳು. ಆರು ವಾರದಲ್ಲಿ ಒಡಲು ಸಿದ್ಧವಾಯಿತು, ತಂತಿಗಳನ್ನು ಎತ್ತಿಹಿಡಿಯುವ ಕುದುರೆಯನ್ನು ಅಂಟಿಸುವುದೊಂದು ಬಾಕಿ. ಕತ್ತು ಮಾತ್ರ ಬರಲಿಲ್ಲ. ಮರ ಇನ್ನೂ ಒಣಗಬೇಕು ಎಂದು ಒಂದು ಸಲ, ಗರಗಸಕ್ಕೆ ಸಾಣೆ ಹಿಡಿಸಬೇಕು ಎಂದು ಇನ್ನೊಂದು ಸಲ ಮೇಷ್ಟ್ರು ದಿನ ದೂಡಿದರು. ಫೋನಿನ ಮಾತೂ ಗಿಡ್ಡವಾಗುತ್ತ ಬಂತು. ನಾಲ್ಕು ತಿಂಗಳಾದ ಮೇಲೆ ಪಾರ್ಸೆಲ್ ಬಂತು.

ಬಿಚ್ಚಿ ಅಳೆದಳು. ಏಳನೆಯ ಗೀರು ಇನ್ನೂರ ಹದಿನಾರರ ಹತ್ತಿರ ಇರಬೇಕಾದದ್ದು ಇನ್ನೂರ ಹದಿನೇಳನ್ನು ದಾಟಿ ಕೂತಿತ್ತು. ಐದನೆಯದು ಹಿಂದೆ ಬಿದ್ದಿತ್ತು. ಹನ್ನೆರಡನೆಯದು ಓರೆ. ಇಷ್ಟು ತಪ್ಪಿದರೆ ಯಾವ ದೇವರು ಬಂದು ನುಡಿಸಿದರೂ ಅಪಸ್ವರವೇ. ಅವಳ ಮೈಯಲ್ಲಿ ಇಪ್ಪತ್ತೆರಡು ವರ್ಷದ ಕೆಂಪು ಚೀಟಿ ಎದ್ದು ನಿಂತಿತು. ಭಾನುವಾರದವರೆಗೆ ಕಾಯದೆ ಗುರುವಾರವೇ ಫೋನ್ ಮಾಡಿದಳು.

"ಇದು ಅಳತೆ ಅಲ್ಲ ಮೇಷ್ಟ್ರೇ, ಅಂದಾಜು. ನನ್ನ ಮಿಲಿಮೀಟರ್ ಕಂಡ್ರೆ ಆಗಲ್ಲ ಅಂತ ಬೇಕಂತಲೇ ಹೀಗೆ ಮಾಡಿದ್ರಾ?"

"ತಪ್ಪು ನಂದೇ," ಎಂದರು ಅವರು. "ಒಲೆಗೆ ಹಾಕ್ಬಿಡಿ." ಫೋನು ಇಟ್ಟ ಸದ್ದು ಕೇಳಿಸಿತು.

ಆ ಭಾನುವಾರ ಫೋನ್ ಬರಲಿಲ್ಲ. ಅವರೇ ಮಾಡಲಿ ಎಂದು ಎರಡು ವಾರ ಬಿಗಿಯಾಗಿದ್ದಳು. ಮೂರನೆಯ ವಾರ ತಾನೇ ಮಾಡಿದಳು; ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ನಾಲ್ಕನೆಯ ವಾರವೂ ಅಷ್ಟೇ. ಒಂದು ಮಂಗಳವಾರ ಮರ ಉಜ್ಜುವ ಉಪ್ಪುಕಾಗದ ಕೊಳ್ಳಲು ಹೋಗಿ, ಅಂಗಡಿಯಲ್ಲಿ ಎರಡು ಹಾಳೆ ಕೊಡಿ ಎನ್ನಲು ಬಾಯಿ ತೆರೆದರೆ ಗಂಟಲಿನಿಂದ ಗೊರಗೊರ ಸದ್ದು ಬಂತು. ಕೆಮ್ಮಿ ಮತ್ತೆ ಹೇಳಬೇಕಾಯಿತು. ಶುಕ್ರವಾರದಿಂದ ತಾನು ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲವೆಂಬುದು ಮೆಟ್ಟಿಲು ಹತ್ತುವಾಗ ಹೊಳೆಯಿತು. ತಂಗಿಗೆ ಫೋನ್ ಮಾಡಿದಳು. ಅವಳು ಮಕ್ಕಳ ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ಏನಾದರೂ ವಿಶೇಷವಿದೆಯೇ ಎಂದು ಕೇಳಿದಳು. ವಿಶೇಷ ಏನೂ ಇರಲಿಲ್ಲ.

ಆ ಸಂಜೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ಕತ್ತನ್ನು ಮತ್ತೆ ಕೈಗೆತ್ತಿಕೊಂಡಳು. ಬೆನ್ನ ಮೇಲೆ ಅಂಗೈ ಆಡಿಸಿದರೆ ಎಲ್ಲೂ ಏರಿಲ್ಲ, ತಗ್ಗಿಲ್ಲ; ನದಿಯ ಕಲ್ಲಿನ ಹಾಗಿತ್ತು. ಇಂಥ ಕೈಯಿಂದ ಅಂಥ ಗೀರುಗಳು ಹೇಗೆ ಬಂದವು? ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಳು. ಒಂದೊಂದು ಗೀರಿನ ಆಚೀಚೆ ಪೆನ್ಸಿಲಿನ ಸಣ್ಣ ಗುರುತುಗಳು. ಅಳಿಸಿ, ಮತ್ತೆ ಎಳೆದು, ಮತ್ತೆ ಅಳಿಸಿದವು. ಕೆಲವೆಡೆ ನಾಲ್ಕು, ಐದು. ಉದಾಸೀನದಿಂದ ಮಾಡುವವನು ಒಂದೇ ಗೆರೆ ಎಳೆಯುತ್ತಾನೆ. ಅಷ್ಟು ಕಾರ್ಖಾನೆಯ ಅನುಭವ ಅವಳಿಗಿತ್ತು. ಇದು ಮನಸ್ಸಿಲ್ಲದವನ ಕೆಲಸವಲ್ಲ. ಪಾರ್ಸೆಲಿನ ಮೇಲಿದ್ದ ವಿಳಾಸ ಬರೆದುಕೊಂಡು ಮರುದಿನ ಮೊದಲ ಬಸ್ಸು ಹಿಡಿದಳು.

ಬಾಗಿಲು ತೆರೆದವಳು ಮೇಷ್ಟ್ರ ತಂಗಿ. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಆಕೆಯ ಮನೆಯ ಹಿಂದಿನ ಕೋಣೆಯಲ್ಲೇ ಇದ್ದರು. ಮಿಲ್ಲಿ ಬಂದಿದ್ದೇನೆ ಎಂದಾಗ ಆಕೆಗೆ ಕೂಡಲೇ ಗೊತ್ತಾಯಿತು. ಭಾನುವಾರದ ಫೋನಿನವರು ಎಂದು ಒಳಗೆ ಕರೆದು, ಅಣ್ಣನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಅಣ್ಣನಿಗೆ ಕಣ್ಣು ಹೋಗ್ತಾ ಇದೆ. ಒಂದೂವರೆ ವರ್ಷ ಆಯ್ತು. ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದಾನೆ. ನಾನೂ ಗೊತ್ತಿಲ್ಲದವಳ ಹಾಗೆ ಇದೀನಿ. ಚಹಾ ಲೋಟ ಮಾತ್ರ ದಿನಾ ಒಂದೇ ಜಾಗದಲ್ಲಿ ಇಡ್ತೀನಿ."

ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು. ಉಳಿಗಳು ಗೋಡೆಯ ಮೇಲೆ ಗಾತ್ರದ ಪ್ರಕಾರ ಸಾಲಾಗಿದ್ದವು. ತೆಳ್ಳನೆಯ ಎತ್ತರದ ಮುದುಕರೊಬ್ಬರು ಹೆಜ್ಜೆ ಸದ್ದಿಗೆ ಮುಖದ ಬದಲು ಕಿವಿ ತಿರುಗಿಸಿದರು. ಅವಳು, ಮೇಷ್ಟ್ರೇ, ಕತ್ತು ತಂದಿದೀನಿ ಎಂದಳು. ಒಲೆಗೆ ಹಾಕಲಿಲ್ಲವೇ ಎಂದು ಅವರು ಕೇಳಿದರು. ಮೇಜಿನ ಮೇಲೆ ಉಕ್ಕಿನ ಅಳತೆಪಟ್ಟಿಯಿತ್ತು, ಹೊಸದು, ಮಿಲಿಮೀಟರಿನದು. ಪಕ್ಕದಲ್ಲಿ ದಪ್ಪ ಭೂತಗನ್ನಡಿ. ಇವಳಿಗಾಗಿಯೇ ಕೊಂಡದ್ದು. ಆ ಭೂತಗನ್ನಡಿಯೊಳಗೂ ಅವರಿಗೆ ಗೆರೆಗಳು ಇರುವೆಸಾಲಿನ ಹಾಗೆ ಹರಿದಾಡುತ್ತಿದ್ದವಂತೆ.

ಆಮೇಲೆ ಅವರು ಮೇಜಿನ ಕೆಳಗಿನಿಂದ ಹಿತ್ತಾಳೆಯ ಪಟ್ಟಿಯೊಂದನ್ನು ತೆಗೆದು ಅವಳ ಕೈಗಿಟ್ಟರು. ನಲವತ್ತು ವರ್ಷದ ಹಿಂದೆ, ಕಣ್ಣು ಚುರುಕಾಗಿದ್ದ ಕಾಲದಲ್ಲಿ ತಾವೇ ಅರದಿಂದ ಕಚ್ಚು ಹಾಕಿದ್ದು. ಒಂದೊಂದು ಗೀರಿಗೆ ಒಂದೊಂದು ಕಚ್ಚು. ಇಪ್ಪತ್ತೈದೂವರೆ ಇಂಚಿನ ಲೆಕ್ಕದ್ದು. ಹೆಬ್ಬೆರಳಿನ ಉಗುರು ಜಾರಿಸಿದರೆ ಕಚ್ಚು ತಾನಾಗಿ ಸಿಕ್ಕುತ್ತದೆ. ಗರಗಸವನ್ನು ಉಗುರಿಗೆ ತಾಗಿಸಿಟ್ಟರೆ ಆಯಿತು, ಕಣ್ಣು ಬೇಡವೇ ಬೇಡ. ಅವಳು ಕಣ್ಣು ಮುಚ್ಚಿ ಉಗುರು ಜಾರಿಸಿ ನೋಡಿದಳು. ಟಿಕ್, ಟಿಕ್ ಎಂದು ಒಂದೊಂದೇ ಸಿಕ್ಕಿತು. ಎರಡು ವರ್ಷ ತಾನು ಹಟವೆಂದು ತಿಳಿದು ಜಗಳವಾಡಿದ್ದು ಇದರ ಮೇಲೆ.

"ಮೊದಲೇ ಹೇಳ್ಬಹುದಿತ್ತಲ್ಲ ಮೇಷ್ಟ್ರೇ."

"ಹೇಳಿದ್ರೆ ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ತಿದ್ರಿ," ಎಂದರು. "ಕತ್ತು ಹೋದ್ರೆ ಹೋಗ್ಲಿ. ಭಾನುವಾರನೂ ಹೋಗ್ತಿತ್ತು."

ಇಂಥದ್ದೇ ಪಟ್ಟಿಯನ್ನು ಆರುನೂರೈವತ್ತಕ್ಕೆ ತಾನು ಮಾಡಿಕೊಡುತ್ತೇನೆ, ಕೂದಲೆಳೆ ವ್ಯತ್ಯಾಸವಿಲ್ಲದ ಹಾಗೆ ಎಂದಳು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಈ ಕೈಗೆ ಗೊತ್ತಿರುವುದು ಒಂದೇ ದೂರ, ಈ ವಯಸ್ಸಿನಲ್ಲಿ ಇನ್ನೊಂದನ್ನು ಕಲಿಸಲು ಹೋದರೆ ಇರುವುದನ್ನೂ ಮರೆತುಬಿಟ್ಟೀತು ಎಂದರು. ಅವಳು ಒತ್ತಾಯಿಸಲಿಲ್ಲ. ನಿಮ್ಮ ಇಪ್ಪತ್ತೈದೂವರೆಯೇ ಇರಲಿ ಎಂದು ಹೇಳಿ ಎದ್ದಳು.

ಹಿಂತಿರುಗುವ ಬಸ್ಸಿನಲ್ಲಿ ಟಿಕೆಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಅಷ್ಟು ದಿನ ಯಾಕೆ ಹಾಕಿರಲಿಲ್ಲವೋ. ಎರಡು ಚಿಲ್ಲರೆ ಮಿಲಿಮೀಟರಿನ ಅಂತರದಲ್ಲಿ ಹೆಚ್ಚಿನ ಪಾಲು ಕತ್ತಿನ ಮೇಲೇ ಕಳೆದುಹೋಗುತ್ತಿತ್ತು. ಒಡಲಿನ ಮೇಲೆ, ತನ್ನ ಪಾಲಿನ ಕೆಲಸದಲ್ಲಿ, ಕುದುರೆಯನ್ನು ಮುಂದಕ್ಕೆ ಸರಿಸಬೇಕಾಗಿದ್ದುದು ಒಂದೇ ಒಂದು ಮಿಲಿಮೀಟರ್. ಎರಡು ಸಲ ಲೆಕ್ಕ ಮಾಡಿದಳು, ಅಷ್ಟೇ ಬಂತು. ಚೀಟಿಯನ್ನು ಮಡಚಿ ಚೀಲದೊಳಗಿಟ್ಟಳು.

ಹೊಸ ಕತ್ತು ಮೂರೇ ವಾರದಲ್ಲಿ ಬಂತು. ಅಳೆದಳು, ಅಳೆಯದೆ ಇರುವುದು ಅವಳ ಕೈಯಲ್ಲಾಗುವ ಮಾತಲ್ಲ. ಒಂದು ಗೀರೂ ತಪ್ಪಿರಲಿಲ್ಲ. ಕುದುರೆಯನ್ನು ಒಂದು ಮಿಲಿಮೀಟರ್ ಸರಿಸಿ ಅಂಟಿಸಿ, ತಂತಿ ಬಿಗಿದು, ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಐದು ಗಂಟೆ ಪ್ರಯಾಣ ಮಾಡಿದಳು. ಮೇಷ್ಟ್ರು ನುಡಿಸಿದರು. ತಂಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ತಾನು ಮಾಡಿದ ಗಿಟಾರನ್ನು ಮೀಟರಿನ ಮುಳ್ಳಿನ ಸಹಾಯವಿಲ್ಲದೆ ಮಿಲ್ಲಿ ಕೇಳಿದ್ದು ಅದೇ ಮೊದಲು. ಚೆನ್ನಾಗಿದೆಯೋ ಇಲ್ಲವೋ ಹೇಳಲು ಅವಳಿಗೆ ತಿಳಿಯಲಿಲ್ಲ, ನಿಲ್ಲಿಸದಿರಲಿ ಎಂದಷ್ಟೇ ಅನ್ನಿಸಿತು. ನಿಲ್ಲಿಸಿದ ಮೇಲೆ ಮೇಷ್ಟ್ರು, ತಂತಿ ಅರೆವೀಸದಲ್ಲಿ ಅರ್ಧ ಎತ್ತರವಾಯಿತು ಎಂದರು. ಸೊನ್ನೆ ಬಿಂದು ನಾಲ್ಕು ಅನ್ನಿ ಎಂದು ಅವಳು ಅಲ್ಲೇ ಅರ ಹಿಡಿದು ತಗ್ಗಿಸಿಕೊಟ್ಟಳು. ಗಿಟಾರನ್ನು ಅವರಲ್ಲೇ ಬಿಟ್ಟು ಬಂದಳು. ಬರುವಾಗ ತೊಡೆಯ ಮೇಲೆ ಖಾಲಿ ಕಂಬಳಿಯಿತ್ತು.

ಅದೇ ಮೇಷ್ಟ್ರ ಕೊನೆಯ ಕತ್ತು. ಮಳೆಗಾಲದ ಹೊತ್ತಿಗೆ ಬೆಳಕು–ಕತ್ತಲೆಯ ವ್ಯತ್ಯಾಸವೊಂದೇ ಅವರಿಗೆ ಉಳಿಯಿತು. ಗರಗಸ ಒಮ್ಮೆ ಬೆರಳಿಗೆ ತಾಗಿದ ಮೇಲೆ ತಂಗಿ ಉಳಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿದಳು. ಮಿಲ್ಲಿ ತನ್ನ ಕೆಲಸವನ್ನು ಆರುನೂರೈವತ್ತರಲ್ಲೇ ಮುಂದುವರಿಸಿದಳು. ಕತ್ತುಗಳನ್ನು ತಾನೇ ಕೆತ್ತುತ್ತಿದ್ದಳು, ಮೊದಲಿಗಿಂತ ವಾಸಿಯಾಗಿದ್ದವು.

ಭಾನುವಾರದ ಫೋನ್ ಮತ್ತೆ ಶುರುವಾಗಿತ್ತು. ಆದರೆ ಮಾತೇ ಹೊರಡುತ್ತಿರಲಿಲ್ಲ. ಇಂಚೂ ಮಿಲಿಮೀಟರೂ ಇಲ್ಲದೆ ಏನು ಮಾತಾಡಬೇಕೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಊಟವಾಯಿತೇ ಎಂದು ಇವಳು, ಆಯಿತು ಎಂದು ಅವರು. ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ದಿನ ಮೇಷ್ಟ್ರು ಕೇಳಿದರು:

"ನಿಮ್ಮ ಕಿಟಕಿಯಿಂದ ಏನು ಕಾಣುತ್ತೆ?"

ಏನೂ ಇಲ್ಲ, ಎದುರುಮನೆಯ ಗೋಡೆ ಎಂದಳು. ಯಾವ ಬಣ್ಣದ್ದು ಎಂದು ಕೇಳಿದರು. ಅವಳು ಫೋನ್ ಹಿಡಿದುಕೊಂಡೇ ಎದ್ದುಹೋಗಿ ನೋಡಿದಳು. ಮೊದಲು ಹಳದಿ ಇತ್ತೇನೋ, ಈಗ ಬಣ್ಣ ಎನ್ನುವಂಥದ್ದು ಉಳಿದಿಲ್ಲ ಎಂದಳು. ನೀರಿನ ಕೊಳವೆ ಸೋರಿ ಪಾಚಿ ಕಟ್ಟಿದೆ ಎಂದಳು. ಆ ಮನೆಯ ಮಹಡಿಯ ಮೇಲೆ ಒಬ್ಬ ಹೆಂಗಸು ದುಪ್ಪಟಿ ಹಿಂಡುತ್ತಿದ್ದಾಳೆ, ಒಬ್ಬಳಿಂದ ಆಗುತ್ತಿಲ್ಲ, ತುದಿಯನ್ನು ಕಂಬಿಗೆ ಕಟ್ಟಿ ತಿರುಚುತ್ತಿದ್ದಾಳೆ ಎಂದಳು. ಎಷ್ಟು ವಯಸ್ಸಿನವಳು, ನೀರು ಕೆಳಗೆ ಯಾರ ತಲೆಯ ಮೇಲೆ ಬೀಳುತ್ತಿದೆ ಎಂದು ಮೇಷ್ಟ್ರು ಒಂದೊಂದೇ ಕೇಳುತ್ತ ಹೋದರು. ಅವಳು ನೋಡಿ ನೋಡಿ ಹೇಳಿದಳು. ಆ ದಿನ ಮಾತು ಮುಗಿಯುವಷ್ಟರಲ್ಲಿ ಗಿಟಾರಿಗೆಂದು ಒಲೆಯ ಮೇಲೆ ಕಾಯಲಿಟ್ಟಿದ್ದ ಅಂಟು ಸೀದುಹೋಗಿತ್ತು. ಪಾತ್ರೆಯನ್ನು ನೀರಲ್ಲಿ ನೆನೆಯಿಟ್ಟು, ಮಧ್ಯಾಹ್ನ ಹೊಸದಾಗಿ ಕಾಯಿಸಿಕೊಂಡಳು.